ಮೂರನೆಯ ರೀಲಿನ ರಾಸ್ಕೊ ಟಾರ್ವರ್

ಟಿಲ್ಮನ್ಸ್ ಫೆರಿಯ ಸಮಸ್ತ ಕುರಿಮಂದೆಗೆ ಏಕೈಕ ಕುರಿಗಾಹಿಗಳೂ, ಆದಿಕಾಂಡದಿಂದ ಪ್ರಕಟನೆಯವರೆಗೆ ನೀರು ಕುಡಿಯದೆ ಬೋಧಿಸಬಲ್ಲವರೂ, ಇಂದಿನ ಸಭೆಯ ಅಧ್ಯಕ್ಷರೂ ಆದ ಪರಮಪೂಜ್ಯ ರೆವರೆಂಡ್ ಗ್ರಿಗ್ಸ್ ಅವರೇ. ನ್ಯೂ ಗಿಲ್ಯಾಡ್ ಚರ್ಚಿನ ಬಾಗಿಲಲ್ಲಿ ಬಿಳಿ ಕೈಗವಸು ತೊಟ್ಟು ನಿಂತು ಬಂದವರನ್ನು ಸನ್ನೆಯಲ್ಲೇ ಕೂರಿಸುವ ದ್ವಾರಸೇವಾ ಸಂಘದ ಅಧ್ಯಕ್ಷಿಣಿಯೂ, ಒಂದು ಬೆರಳೆತ್ತಿದರೆ ಅಳುವ ಕೂಸು ಅಳುವನ್ನು ಮುಂದಿನ ಭಾನುವಾರಕ್ಕೆ ಮುಂದೂಡುವಷ್ಟು ಪ್ರಭಾವಶಾಲಿಯೂ ಆದ ಮಾತೃಶ್ರೀ ಜೆನೋಬಿಯಾ ಟಾರ್ವರ್ ಅವರೇ. ಪೀಕಾಕ್ ಚಿತ್ರಮಂದಿರದ ಮಾಲೀಕರೂ, ಯಂತ್ರ ಓಡಿಸುವವರೂ, ಟಿಕೆಟು ಹರಿಯುವವರೂ, ಜೋಳ ಹುರಿಯುವವರೂ ಆದ ಶ್ರೀಮಾನ್ ಸೀಫಸ್ ಬೂನ್ ಅವರೇ. ಅಡುಗೆಕೋಣೆಯಲ್ಲಿ ಈ ಭಾಷಣ ಮುಗಿಯುವುದನ್ನೇ ಕಾಯುತ್ತ ತಣ್ಣಗಾಗುತ್ತಿರುವ ಹುರಿದ ಮೀನುಗಳೇ. ಮತ್ತು ಆ ಮೀನುಗಳನ್ನು ಕಾಯುತ್ತಿರುವ, ಅದಕ್ಕಾಗಿಯೇ ನನ್ನನ್ನು ಸಹಿಸಿಕೊಂಡಿರುವ ಸಭಿಕರೇ,

ದ್ವಾರಸೇವಾ ಸಂಘದ ಮೂವತ್ತೊಂದನೆಯ ವಾರ್ಷಿಕೋತ್ಸವದ ಈ ಸುಸಂದರ್ಭದಲ್ಲಿ ಆಗಸ್ಟಸ್ ಪೀಬಲ್ಸ್ ಎಂಬ ಇಪ್ಪತ್ತೆರಡು ವರ್ಷದ ನನಗೆ 'ಧೈರ್ಯಕ್ಕಾಗಿ' ಎಂದು ಕೆತ್ತಿದ ಮರದ ಫಲಕವನ್ನು ನೀಡಿದ್ದೀರಿ. ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತ ಮೊದಲು ದಾವೀದನಿಗೂ, ಆಮೇಲೆ ಸಿಂಹದ ಗುಹೆಯ ದಾನಿಯೇಲನಿಗೂ ಹೋಲಿಸಿದರು. ಕೊನೆಗೆ ನನ್ನ ಸೈಕಲ್ಲನ್ನು ಎಲೀಯನ ಬೆಂಕಿಯ ರಥಕ್ಕೆ ಹೋಲಿಸಿದರು. ಎರಡಕ್ಕೂ ಬ್ರೇಕಿಲ್ಲ ಎಂಬ ಮಟ್ಟಿಗೆ ಆ ಕೊನೆಯ ಹೋಲಿಕೆಯನ್ನು ನಾನು ವಿನಯಪೂರ್ವಕ ಒಪ್ಪಿಕೊಳ್ಳುತ್ತೇನೆ. ಉಳಿದವನ್ನು ವಿನಯವಿಲ್ಲದೆ ಒಪ್ಪಿಕೊಳ್ಳುತ್ತೇನೆ.

ನನ್ನ ವೃತ್ತಿ ನಿಮಗೆಲ್ಲ ಗೊತ್ತು. ಆದರೂ ಸನ್ಮಾನ ಪಡೆದವನು ತನ್ನ ವೃತ್ತಿಯ ಹಿರಿಮೆಯನ್ನು ತಾನೇ ಹೇಳಿಕೊಳ್ಳದೆ ಕೂತದ್ದನ್ನು ಯಾವ ಸಭೆಯಾದರೂ ಕಂಡಿದೆಯೆ? ನಮ್ಮ ಊರಿಗೆ ಒಂದು ರೈಲು ಹಳಿ. ಹಳಿಯ ಆಚೆ ಬಿಳಿಯರ ಮೆಜೆಸ್ಟಿಕ್ ಚಿತ್ರಮಂದಿರ, ಈಚೆ ಕರಿಯರಾದ ನಮ್ಮ ಪೀಕಾಕ್. ಮೆಂಫಿಸ್ಸಿನಿಂದ ಬರುವುದು ಮಾತ್ರ ಎರಡಕ್ಕೂ ಸೇರಿ ಚಿತ್ರದ ಒಂದೇ ಪ್ರತಿ. ಅಲ್ಲಿ ಮೊದಲ ರೀಲು ಮುಗಿದ ಕೂಡಲೇ ನಾನು ಅದನ್ನು ಡಬ್ಬಿಗೆ ಹಾಕಿಕೊಂಡು ತುಳಿಯುತ್ತೇನೆ. ಇಲ್ಲಿ ಆಟ ಶುರುವಾಗುತ್ತದೆ. ಎರಡನೆಯದನ್ನು ತರುತ್ತೇನೆ, ಮೊದಲನೆಯದನ್ನು ಅವರ ಮುಂದಿನ ಆಟಕ್ಕೆ ಹಿಂದಿರುಗಿಸುತ್ತೇನೆ. ಆಚೆಯವರು ನಕ್ಕ ಜೋಕಿಗೆ ಈಚೆಯವರು ನಗಬೇಕಾದರೆ ನಡುವೆ ನಾನು ಹನ್ನೊಂದು ನಿಮಿಷ ಬೆವರಬೇಕು. ಗೂಡ್ಸು ಗಾಡಿ ಅಡ್ಡ ಬಂದರೆ ನಾಯಕಿ ಕಪಾಳಕ್ಕೆ ಹೊಡೆಯಲು ಎತ್ತಿದ ಕೈ ನಲವತ್ತು ನಿಮಿಷ ಎತ್ತಿದಂತೆಯೇ ಇರುತ್ತದೆ. ಅಂಥ ದಿನಗಳಲ್ಲಿ ನೀವು ನನಗೆ ಏನೇನು ಅಂದಿದ್ದೀರಿ ಎಂಬುದನ್ನು ಈ ಪವಿತ್ರ ಸಭಾಂಗಣದಲ್ಲಿ ನಾನು ನೆನಪಿಸುವುದಿಲ್ಲ.

ಹೋದ ತಿಂಗಳು ಬಂದ ಚಿತ್ರದ ವಿಷಯಕ್ಕೆ ಬರೋಣ. 'ಜಡ್ಜ್ ಸಾಹೇಬರ ಜೂಕ್‌ಬಾಕ್ಸ್' ಎಂಬ ಹಾಸ್ಯಮಯ ಸಂಗೀತ ಚಿತ್ರ. ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಪೆಟ್ಟಿಗೆಯನ್ನು ನಿಷೇಧಿಸಿದ ದಪ್ಪ ಜಡ್ಜರೊಬ್ಬರು ಆಯತಪ್ಪಿ ಅದರ ಮೇಲೆಯೇ ಕುಳಿತುಬಿಡುತ್ತಾರೆ, ಅದು ಹಾಡತೊಡಗುತ್ತದೆ, ಅವರು ಏಳಲಾರರು, ಕಾಲು ಮಾತ್ರ ಕುಣಿಯುತ್ತದೆ. ಕಥೆ ಇಷ್ಟೇ. ಇದಕ್ಕಿಂತ ಹೆಚ್ಚು ಕಥೆ ಯಾರಿಗೆ ಬೇಕಿತ್ತು? ಜನ ಬರುವುದು ಹಾಡಿಗೆ. ಕಳೆದೆರಡು ವರ್ಷಗಳಿಂದ ರೇಡಿಯೊದಲ್ಲಿ ಗುಡುಗುತ್ತಿರುವ, ರಾಕ್ ಅಂಡ್ ರೋಲ್ ಎಂದು ಹೊಸ ಹೆಸರಿಟ್ಟುಕೊಂಡಿರುವ, ನಮ್ಮ ಅಜ್ಜಂದಿರು ಶನಿವಾರ ಹಾಡಿ ಭಾನುವಾರ ಪಶ್ಚಾತ್ತಾಪ ಪಡುತ್ತಿದ್ದ ಅದೇ ಹಾಡುಗಳಿಗೆ.

ಆ ಚಿತ್ರದಲ್ಲಿ ರಾಸ್ಕೊ ಇದ್ದ. ಮಾತೃಶ್ರೀ ಟಾರ್ವರ್ ಅವರ ಒಬ್ಬನೇ ಮಗ ರಾಸ್ಕೊ. 'ಅಮ್ಮಾ, ನಾನು ಪಿಯಾನೊ ಬಾರಿಸಿ ಹಾಡುತ್ತೇನೆ, ಎರಡು ನಿಮಿಷ ನಲವತ್ತು ಸೆಕೆಂಡು, ಪೂರಾ ಪರದೆಯ ಮೇಲೆ ನಾನೊಬ್ಬನೇ' ಎಂದು ಲಾಸ್ ಏಂಜಲೀಸಿನಿಂದ ಅವನು ಬರೆದ ಪತ್ರವನ್ನು ಆಕೆ ಇದೇ ಚರ್ಚಿನಲ್ಲಿ, ಇದೇ ಜಾಗದಲ್ಲಿ ನಿಂತು ಓದಿದರು. ಮೂರು ವರ್ಷ ಮಗನ ಹೆಸರೆತ್ತದಿದ್ದ ತಾಯಿ ಅಂದು ಪತ್ರವನ್ನು ಎರಡು ಸಲ ಓದಿದರು.

ಮೂರು ವರ್ಷ ಹೆಸರೆತ್ತದಿದ್ದುದು ಏಕೆ ಎಂಬುದು ಹಿರಿಯರಿಗೆ ನೆನಪಿರಬೇಕು. ಈಸ್ಟರ್ ಭಾನುವಾರ ಕಾಣಿಕೆ ತಟ್ಟೆ ಸುತ್ತುತ್ತಿದ್ದಾಗ ರಾಸ್ಕೊ ಇದೇ ಪಿಯಾನೊದ ಮೇಲೆ ಸ್ತುತಿಗೀತೆಯನ್ನು ಬಾರಿಸುತ್ತಿದ್ದವನು ಇದ್ದಕ್ಕಿದ್ದಂತೆ ಎಡಗೈಯನ್ನು ಕುದುರೆಯಂತೆ ಓಡಿಸಿಬಿಟ್ಟ. ತಟ್ಟೆ ಹಿಡಿದವರ ಸೊಂಟ ಅಲುಗಿತು. ಅಧ್ಯಕ್ಷರೇ, ತಮ್ಮ ಪಾದವೂ ಅಲುಗಿತು. ನಾನು ಮೊದಲನೆಯ ಸಾಲಿನಲ್ಲಿದ್ದೆ. ಮಾತೃಶ್ರೀಯವರು ನಡೆದುಬಂದು ಬಿಳಿ ಕೈಗವಸಿನ ಎರಡು ಬೆರಳುಗಳಲ್ಲಿ ಮಗನ ಕಿವಿ ಹಿಡಿದು ನಡುಹಾದಿಯುದ್ದಕ್ಕೂ ಕರೆದೊಯ್ದರು. ಮಂಗಳವಾರ ಅವನು ಬಸ್ಸು ಹತ್ತಿದ. ಕಾಣಿಕೆ ತಟ್ಟೆ ಕೊನೆಯ ಸಾಲು ಮುಟ್ಟುವುದರೊಳಗೆ ಹಾಗೆ ಬಾರಿಸಿದರೆ ನನ್ನ ಪಾಲಿನ ಬಾಳೆಹಣ್ಣಿನ ಪಾಯಸ ಕೊಡುತ್ತೇನೆಂದು ಅವನಿಗೆ ಪಂದ್ಯ ಕಟ್ಟಿದವರು ಯಾರೋ ಇದ್ದರಂತೆ. ಆ ವ್ಯಕ್ತಿ ಅಂದು ಎದ್ದು ನಿಂತು ಹೇಳಲಿಲ್ಲ. ಪಾಯಸವನ್ನೂ ತಾನೇ ತಿಂದ. ಚೆನ್ನಾಗಿತ್ತು ಎಂದು ಕೇಳಿದ್ದೇನೆ. ಇರಲಿ, ವಿಷಯಾಂತರವಾಯಿತು.

ಗುರುವಾರ ಚಿತ್ರ ತೆರೆಗೆ ಬಂತು. ನೀವೆಲ್ಲ ಭಾನುವಾರದ ಟೋಪಿ ಧರಿಸಿ ಪೀಕಾಕಿಗೆ ಬಂದಿರಿ. ಮಾತೃಶ್ರೀಯವರು ಬರಲಿಲ್ಲ, ಚಿತ್ರಮಂದಿರದಲ್ಲಿ ಕೂರುವುದಿಲ್ಲ ಎಂದು ಆಕೆ ಹರೆಯದಲ್ಲೇ ಆಣೆ ಮಾಡಿದವರು. ಒಂದನೆಯ ರೀಲು ಬಂತು, ಎರಡು ಬಂತು, ಮೂರು, ನಾಲ್ಕು, ಐದೂ ಬಂತು. ರಾಸ್ಕೊ ಬರಲಿಲ್ಲ. ನಿಂತಲ್ಲೇ ನಿಂತು ಮೆಲ್ಲನೆ ಹಾಡುವ ನಮ್ಮವರ ನಾಲ್ವರ ತಂಡವೊಂದು ಬಂತು, ಹೋಯಿತು. ಆ ನಾಲ್ವರು ಇದ್ದುದೇ ನಮ್ಮನ್ನು ಕೆಡಿಸಿತು. ನಮ್ಮವರ ಹಾಡಿಗೆ ಕತ್ತರಿ ಹಾಕುವ ಆಚೆಯವರು ಇವರನ್ನು ಬಿಟ್ಟಿದ್ದಾರೆ ಎಂದ ಮೇಲೆ ಈ ಸಲ ಕತ್ತರಿ ಆಡಿಲ್ಲ ಎಂದುಕೊಂಡೆವು. ದೀಪ ಹೊತ್ತಿದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆದರೆ ಹೊರಗೆ ಬಂದ ಮೇಲೆ ನಾಲಿಗೆಗೆ ಯಾವ ಆಣೆ? ಹೆಸರು ಹೇಳುವುದಿಲ್ಲ, ಹಸಿರು ಟೋಪಿಯ ಸೋದರಿಯೊಬ್ಬರು, ಈಗಲೂ ಅದೇ ಟೋಪಿಯಲ್ಲಿ ಮೂರನೆಯ ಸಾಲಿನಲ್ಲಿದ್ದಾರೆ, "ಹುಡುಗ ಅಲ್ಲಿ ಪಾತ್ರೆ ತೊಳೀತಿರಬೇಕು ಕಣ್ರೀ, ಅಮ್ಮನಿಗೆ ಪಿಯಾನೊ ಅಂತ ಬರೆದಿದಾನೆ" ಎಂದರು.

ಮರುದಿನ ಮಾತೃಶ್ರೀಯವರು ಇಸ್ತ್ರಿ ಮಾಡಿದ ಬಟ್ಟೆ ತಲುಪಿಸಲು ಹಳಿಯಾಚೆಯ ಮಿಸೆಸ್ ಹ್ಯಾಲ್ಸ್‌ಟೆಡ್ ಮನೆಗೆ ಹೋದವರು, ಎಂದೂ ಏನೂ ಕೇಳದವರು, ಚಿತ್ರದಲ್ಲಿ ಪಿಯಾನೊ ಬಾರಿಸುವ ನಮ್ಮ ರಾಸ್ಕೊನನ್ನು ಕಂಡಿರಾ ಎಂದು ಕೇಳಿಬಿಟ್ಟರು. ಆ ಮಹಿಳೆ ಚಿತ್ರವನ್ನು ಎರಡು ಸಲ ನೋಡಿದ್ದರು. "ನಿನ್ನ ರಾಸ್ಕೊ? ಇಲ್ವಲ್ಲ ಜೆನೋಬಿಯಾ. ಪಿಯಾನೊನೇ ಇಲ್ಲ ಅದರಲ್ಲಿ" ಎಂದು ಅತ್ಯಂತ ಮರುಕದಿಂದ ಹೇಳಿ, ಸೌತೆಕಾಯಿ ಉಪ್ಪಿನಕಾಯಿಯ ಒಂದು ಜಾಡಿಯನ್ನೂ ಕೊಟ್ಟು ಕಳಿಸಿದರು. ಅಂದು ಸಂಜೆ ಸಂಘದ ಸಭೆಯಲ್ಲಿ ಮಾತೃಶ್ರೀಯವರು ಬಿಳಿ ಕೈಗವಸು ಬಿಚ್ಚಿ ಮಡಿಸಿ ರೆವರೆಂಡ್ ಗ್ರಿಗ್ಸ್ ಅವರ ಮುಂದಿಟ್ಟರು. ದೇವರ ಬಾಗಿಲಲ್ಲಿ ನಿಲ್ಲುವವರ ಮನೆಯಿಂದ ಸುಳ್ಳು ಬರಬಾರದು, ಅದನ್ನು ನಾನು ಇಲ್ಲೇ ನಿಂತು ಎರಡು ಸಲ ಓದಿದೆ ಎಂದರು. ಹತ್ತೊಂಬತ್ತು ವರ್ಷ ಆ ಕೈಗವಸಿಗೆ ಒಂದು ಕಲೆ ಬಿದ್ದದ್ದನ್ನು ಕಂಡವರಿದ್ದೀರಾ? ಕಂಡವರು ಕೈ ಎತ್ತಿ. ನೋಡಿದಿರಾ, ಯಾರೂ ಇಲ್ಲ. ಹಸಿರು ಟೋಪಿಯವರೂ ಇಲ್ಲ.

ಶನಿವಾರ ಬೆಳಿಗ್ಗೆ ನಾನು ಬೂನ್ ಅವರ ಯಂತ್ರದ ಕೋಣೆಯಲ್ಲಿ ಮೂರನೆಯ ರೀಲು ಸುತ್ತುತ್ತಿದ್ದೆ. ಬೂನ್ ಅವರ ಕಣ್ಣು ಈಗ ಅಷ್ಟಕ್ಕಷ್ಟೆ. ಜನವರಿಯಲ್ಲಿ ಒಂದಿಡೀ ರೀಲನ್ನು ತಲೆಕೆಳಗಾಗಿ ತೋರಿಸಿ, ಸರ್ಕಸ್ಸಿನ ಚಿತ್ರ ಚೆನ್ನಾಗಿದೆ ಎಂದವರು. ಆದ್ದರಿಂದ ಅಂಟಿಸುವುದು, ಸುತ್ತುವುದು ನನ್ನ ಪಾಲು. ಸುತ್ತುವಾಗ ಬೆರಳಿಗೆ ಒಂದು ಗಂಟು ತಗುಲಿತು. ಫಿಲ್ಮಿನ ಎರಡು ತುಂಡುಗಳನ್ನು ಸೇರಿಸಿದ ಹೊಸ ಅಂಟು. ಬೆಳಕಿಗೆ ಹಿಡಿದೆ. ಅಂಟಿನ ಈ ಬದಿಯಲ್ಲಿ ವೇದಿಕೆಯ ತೆರೆ ಸರಿಯುತ್ತಿದೆ. ಆ ಬದಿಯಲ್ಲಿ ಇನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಯಾರಿಗೆ? ಸಭಿಕರೇ, ಗುರುವಾರ ಅದನ್ನು ನಾವೆಲ್ಲ ನೋಡಿದ್ದೆವು. ತೆರೆ ಸರಿದದ್ದಕ್ಕೇ ಇಷ್ಟು ಚಪ್ಪಾಳೆ ತಟ್ಟುವ ಜನ ಎಂಥ ಮೂರ್ಖರಪ್ಪಾ ಎಂದು ನಕ್ಕಿದ್ದೆವು.

ಇಂಥ ಚಿತ್ರಗಳಲ್ಲಿ ನಮ್ಮವರ ಹಾಡನ್ನು ಅಂಗಿಗೆ ಜೇಬು ಹೊಲಿದಂತೆ ಹೊಲಿದಿರುತ್ತಾರೆ. ಬೇಡದ ಊರಿನವರು ಜೇಬನ್ನು ಕಿತ್ತರೂ ಅಂಗಿ ಅಂಗಿಯೇ. ನಮ್ಮೂರಿನಲ್ಲಿ ಯಾವ ಜೇಬು ಇರಬೇಕು, ಯಾವುದು ಕೀಳಬೇಕು ಎಂದು ತೀರ್ಮಾನಿಸಲು ಹಳಿಯಾಚೆ ಒಂದು ಸಭ್ಯತಾ ಸಮಿತಿಯಿದೆ. ನಿಂತು ಹಾಡುವವರು ಪರವಾಗಿಲ್ಲವಂತೆ. ಸ್ಟೂಲು ಒದ್ದು ಬಾರಿಸುವವನನ್ನು ನೋಡಿ ಆಚೆಯ ಹುಡುಗಿಯರು ಕಿರುಚಿದರೆ ಆಗದಂತೆ. ಆ ಸಮಿತಿಯ ಅಧ್ಯಕ್ಷಿಣಿ ಮಿಸೆಸ್ ಹ್ಯಾಲ್ಸ್‌ಟೆಡ್. ಹೌದು, ಉಪ್ಪಿನಕಾಯಿಯವರೇ. ಬುಧವಾರ, ಸಮಿತಿಗೆ ಚಿತ್ರವನ್ನು ಮುಂಚಿತವಾಗಿ ತೋರಿಸಿದಾಗ, 'ಪಿಯಾನೊ ಬಾರಿಸುವ ಆ ಪ್ರಾಣಿಯನ್ನು ತೆಗೆಯಿರಿ' ಎಂದು ಬರೆದುಕೊಟ್ಟವರು ಅವರು. ತನ್ನ ಅಡುಗೆಮನೆಯ ಮೇಜಿನ ಕೆಳಗೆ ಕೂತು ಬಿಸ್ಕತ್ತು ತಿಂದು ಬೆಳೆದ ಹುಡುಗ ಅವನು ಎಂದು ಅವರಿಗೆ ಹೊಳೆದಿರಲಿಲ್ಲ. ಆಮೇಲೆ ಕತ್ತರಿಸಿದ ಚಿತ್ರವನ್ನು ಎರಡು ಸಲ ನೋಡಿ, ಕಂಡದ್ದನ್ನೇ ಪ್ರಾಮಾಣಿಕವಾಗಿ ಹೇಳಿದ್ದರು. ಪ್ರಾಮಾಣಿಕರ ಮೇಲೆ ಕೋಪ ಮಾಡಿಕೊಳ್ಳುವುದು ಎಷ್ಟು ಕಷ್ಟ ನೋಡಿ.

ನಾನು ನೇರ ಮಾತೃಶ್ರೀಯವರ ಮನೆಗೆ ಹೋದೆ. ಆಕೆ ಹ್ಯಾಲ್ಸ್‌ಟೆಡ್ ಮನೆಯ ಕಾಲರುಗಳಿಗೆ ಇಸ್ತ್ರಿ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಗಸ್, ಆ ಡಬ್ಬಿ ಹೊರೋನು ನೀನು. ನಿಜ ಹೇಳು. ಅದರಲ್ಲಿ ನನ್ನ ಮಗ ಇದಾನೋ ಇಲ್ವೋ?"

"ಇದಾನೆ ಅಮ್ಮ. ಹಳಿಯಾಚೆ ಒಂದು ಕಾಫಿ ಡಬ್ಬಿಯಲ್ಲಿ ಸುರುಳಿ ಸುತ್ತಿಕೊಂಡು ಕೂತಿದಾನೆ. ಮೂರು ಗಂಟೆಗೆ ಪೀಕಾಕಿಗೆ ಬನ್ನಿ."

"ಕೂರಲ್ಲ ಅಂತ ಆಣೆ ಇದೆ ನಂದು."

"ಕೂರಬೇಡಿ. ನಿಂತುಕೊಳ್ಳಿ. ಹತ್ತೊಂಬತ್ತು ವರ್ಷದಿಂದ ನೀವು ಮಾಡ್ತಿರೋದು ಅದೇ ತಾನೆ?"

ಆಕೆ ಇಸ್ತ್ರಿಪೆಟ್ಟಿಗೆಯನ್ನು ಕಾಲರಿನ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ಇಟ್ಟರು. ಒಂದು ತುಂಡು ಜೋಳದ ರೊಟ್ಟಿ ಕೊಟ್ಟರು.

ಮೆಜೆಸ್ಟಿಕ್ಕಿನ ಯಂತ್ರ ಓಡಿಸುವವರು ಲೈಲ್ ಹಟ್ಟೊ. ಕತ್ತರಿಸಿದ ತುಂಡುಗಳನ್ನು ಅವರು ಕಪಾಟಿನ ಮೇಲಿನ ಕಾಫಿ ಡಬ್ಬಿಯಲ್ಲಿಡುತ್ತಾರೆ. ಚಿತ್ರ ಊರು ಬಿಡುವ ದಿನ ಮತ್ತೆ ಅಂಟಿಸಿ ಕಳಿಸಬೇಕು. ಅವರಿಗೆ ಹುಬ್ಬಿಲ್ಲ. ಹಿಂದಿನ ಕಾಲದ ಫಿಲ್ಮು ತಾನೇತಾನಾಗಿ ಹೊತ್ತಿಕೊಳ್ಳುತ್ತಿತ್ತು. ಹುಬ್ಬು ಆ ಕಾಲದಲ್ಲಿ ಹೋಯಿತು, ಹೆದರಿಕೆ ಮಾತ್ರ ಉಳಿಯಿತು. ಈಗಿನ ಫಿಲ್ಮು ಬೆಂಕಿಪೊಟ್ಟಣ ಇಡೀ ಖರ್ಚು ಮಾಡಿದರೂ ಸುಲಭಕ್ಕೆ ಹೊತ್ತುವುದಿಲ್ಲ ಎಂದು ನನಗೆ ಗೊತ್ತು. ಅವರಿಗೂ ಗೊತ್ತು. ಆದರೆ ಹೆದರಿಕೆ ಎಂದಾದರೂ ಗೊತ್ತಿರುವುದರ ಮಾತು ಕೇಳಿದೆಯೆ? ಅಂದು ಮಧ್ಯಾಹ್ನ ಅಲ್ಲಿ ಓಡಿದ ಮೂರನೆಯ ರೀಲನ್ನು ನಾನು ತೆಗೆದುಕೊಳ್ಳುವಾಗ ಟೋಪಿ ಕಳಚಿ, ತಲೆ ಬಾಗಿಸಿ, ಪಕ್ಕದ ಜಿಲ್ಲೆಯ ಆಪರೇಟರಿಗೆ ನನ್ನ ಸಂತಾಪ ತಿಳಿಸಿಬಿಡಿ ಎಂದೆ. ಏನಾಯಿತೋ ಎಂದರು. ಏನಿಲ್ಲ ಸಾರ್, ತುಂಡುಗಳನ್ನು ಕಾಫಿ ಡಬ್ಬಿಯಲ್ಲಿ ಇಟ್ಟಿದ್ದರಂತೆ, ಈ ಸೆಕೆಗೆ ಡಬ್ಬಿ ಢಮ್ಮೆಂದಿತಂತೆ ಎಂದೆ. ಹಟ್ಟೊ ಆ ಡಬ್ಬಿಯನ್ನು ಎರಡು ಕೈಗಳ ಪೂರಾ ಉದ್ದಕ್ಕೆ ಚಾಚಿ ಹಿಡಿದು ನನಗೆ ಕೊಟ್ಟರು. "ಹೊಳೆಗೆ ಹಾಕು. ಓಡಬೇಡ, ಕುಲುಕುತ್ತೆ" ಎಂದರು. ಹೀಗೆ ರಾಸ್ಕೊ ಟಾರ್ವರ್ ಹಳಿ ದಾಟಿ ಊರಿಗೆ ಬಂದ.

ಪೀಕಾಕಿನ ಯಂತ್ರದ ಕೋಣೆಯಲ್ಲಿ ಫಿಲ್ಮಿನ ತುದಿಯನ್ನು ಬ್ಲೇಡಿನಿಂದ ಕೆರೆದು, ಅಂಟು ಹಚ್ಚಿ, ಒತ್ತಿ ಹಿಡಿದು ಹತ್ತು ಎಣಿಸಿದೆ. ಆ ಬದಿಯನ್ನೂ ಹಾಗೆಯೇ. ಕೋಣೆಯ ಕಿಂಡಿಯಿಂದ ಕೆಳಗೆ ನೋಡಿದರೆ ನಡುಹಾದಿಯ ತುದಿಯಲ್ಲಿ ಮಾತೃಶ್ರೀಯವರು ನಿಂತಿದ್ದರು. ಸಂಘದ ಬಿಳಿ ಉಡುಪು, ಬಿಳಿ ಬೂಟು, ಎಡಗೈ ಬೆನ್ನ ಹಿಂದೆ. ಕೈಗವಸು ಮಾತ್ರ ಇರಲಿಲ್ಲ. ಒಂದು ತಾಸು ಹಾಗೇ ನಿಂತು, ಬಂದವರನ್ನೆಲ್ಲ ಸದ್ದಿಲ್ಲದೆ ಕೈಸನ್ನೆಯಲ್ಲೇ ಕೂರಿಸಿದ್ದರಂತೆ. ಪೀಕಾಕಿನಲ್ಲಿ ಜನ ಸಾಲಾಗಿ, ಗಲಾಟೆಯಿಲ್ಲದೆ, ತಮ್ಮ ತಮ್ಮ ಕುರ್ಚಿಯಲ್ಲೇ ಕೂತದ್ದು ಇತಿಹಾಸದಲ್ಲಿ ಅದೇ ಮೊದಲು.

ತೆರೆ ಸರಿಯಿತು. ಈ ಸಲ ಅಲ್ಲಿ ಪಿಯಾನೊ ಇತ್ತು. ಮಿರುಗುವ ಕೋಟು ತೊಟ್ಟು, ಇಲ್ಲಿಂದ ಅಡುಗೆಕೋಣೆಯ ಬಾಗಿಲಿನಷ್ಟು ದೊಡ್ಡ ನಗೆ ಹೊತ್ತು ರಾಸ್ಕೊ ಇದ್ದ. ಎಡಗೈ ಓಡಿತು. ಅದೇ ಓಟ, ಈಸ್ಟರಿನ ಓಟ. ಸ್ಟೂಲನ್ನು ಹಿಂದಕ್ಕೆ ಒದ್ದ. ನಮ್ಮವರೆಲ್ಲ ಒಮ್ಮೆಲೇ ಎದ್ದರು, ಜೋಳದ ಪೊಟ್ಟಣಗಳು ಹಾರಿದವು, ಯಾರೋ ಹೊರಗಿನವರನ್ನು ಕರೆಯಲು ಬಾಗಿಲಿಗೆ ಓಡಿದರು. ಆಗ ಮಾತೃಶ್ರೀಯವರು ಬಲಗೈ ಎತ್ತಿದರು. ಅಂಗೈ ಮುಂದಕ್ಕೆ, ಭುಜದ ಮಟ್ಟಕ್ಕೆ. ಆ ಸನ್ನೆ ನಮಗೆಲ್ಲ ಗೊತ್ತು: ಪ್ರಾರ್ಥನೆ ನಡೆಯುತ್ತಿದೆ, ಯಾರೂ ಅಲುಗಬಾರದು. ಓಡಿದವನು ಒಂದು ಕಾಲನ್ನು ಗಾಳಿಯಲ್ಲೇ ಇಟ್ಟುಕೊಂಡು ನಿಂತ. ಬಟ್ಟೆ ಒಗೆಯುವ ಸೋಡದ ಕೆಂಪು ಕಲೆಗಳಿದ್ದ ಆ ಬರಿಗೈ ಎರಡು ನಿಮಿಷ ನಲವತ್ತು ಸೆಕೆಂಡು ಇಳಿಯಲಿಲ್ಲ. ಇಡೀ ಪೀಕಾಕು ಅಲುಗದೆ ರಾಕ್ ಅಂಡ್ ರೋಲ್ ಕೇಳಿತು. ಇದನ್ನು ಬೇರೆ ಯಾವ ಊರಾದರೂ ಮಾಡಿ ತೋರಿಸಲಿ.

ಹಾಡು ಮುಗಿಯಿತು. ಪರದೆಯ ಇನ್ನೂರು ಜನ ಎದ್ದು ಚಪ್ಪಾಳೆ ತಟ್ಟಿದರು. ಈ ಸಲ ಅವರು ಮೂರ್ಖರಾಗಿ ಕಾಣಲಿಲ್ಲ. ಮಾತೃಶ್ರೀಯವರು ಕೈ ಇಳಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಬೆನ್ನು ನೋಡಿ ಅವನದು. ನೆಟ್ಟಗೆ ಕೂತು ಬಾರಿಸು ಅಂತ ಎಷ್ಟು ಹೇಳಿದೀನಿ." ಆಮೇಲೆ ನಮ್ಮ ಕಿಂಡಿಯ ಕಡೆ ತಿರುಗಿ, "ಸೀಫಸ್, ಇನ್ನೊಂದು ಸಲ ಹಾಕಪ್ಪ" ಎಂದರು.

ಬೂನ್ ಅವರು ಮೂರು ಸಲ ಹಾಕಿದರು. ಎರಡನೆಯ ಸಲಕ್ಕೆ ಯಾರೂ ಅಲುಗದೆ ಇರಲಿಲ್ಲ. ಹಸಿರು ಟೋಪಿ ಛಾವಣಿ ಮುಟ್ಟಿತ್ತು. ಕೊನೆಯ ಸಾಲಿನಲ್ಲಿ ವೃತ್ತಪತ್ರಿಕೆಯ ಹಿಂದೆ ಕೂತಿದ್ದ ಒಬ್ಬ ಗಣ್ಯರು, ಈ ಸಭೆಯ ಅಧ್ಯಕ್ಷಸ್ಥಾನದಲ್ಲಿರುವವರನ್ನು ನಾನು ಹೆಸರಿಸುವುದಿಲ್ಲ, ಎದ್ದು ಬಂದು ಜೇಬಿನಿಂದ ಬಿಳಿ ಕೈಗವಸು ತೆಗೆದು ಮಾತೃಶ್ರೀಯವರಿಗೆ ಕೊಟ್ಟರು. ಆಕೆ ಅಲ್ಲೇ ತೊಟ್ಟರು. ತೊಟ್ಟ ಮೇಲೆ ಅದೇ ಕೈಯಿಂದ ಕಣ್ಣೊರೆಸಿಕೊಂಡದ್ದರಿಂದ ಹತ್ತೊಂಬತ್ತು ವರ್ಷದಲ್ಲಿ ಮೊದಲ ಕಲೆ ಬಿತ್ತು. ಒಗೆದರೆ ಹೋಗುವ ಕಲೆ.

ಇಷ್ಟಕ್ಕೇ ನೀವು ನನಗೆ ಫಲಕ ಕೊಡುತ್ತಿರಲಿಲ್ಲ. ಒಂದು ತಟ್ಟೆ ಮೀನು ಕೊಟ್ಟು ಕಳಿಸುತ್ತಿದ್ದಿರಿ. ಫಲಕ ಬಂದದ್ದು ಮುಂದಿನದಕ್ಕೆ. ಐದು ಗಂಟೆಯ ಆಟಕ್ಕೆ ಮೂರನೆಯ ರೀಲು ಮೆಜೆಸ್ಟಿಕ್ಕಿಗೆ ಹಿಂದಿರುಗಬೇಕಿತ್ತು. ನಾನು ಅದನ್ನು ಹಾಗೆಯೇ ಕೊಂಡೊಯ್ದೆ. ಹಾಗೆಯೇ. ರಾಸ್ಕೊ ಸಮೇತ. ಅಧ್ಯಕ್ಷರು ತಮ್ಮ ಭಾಷಣದಲ್ಲಿ ಈ 'ಹಾಗೆಯೇ' ಎಂಬ ಒಂದು ಪದದ ಮೇಲೆ ಹನ್ನೆರಡು ನಿಮಿಷ ಮಾತನಾಡಿದರು. ಫರೋಹನ ಅರಮನೆಗೆ ಮೋಶೆ ನಡೆದುಹೋದದ್ದೂ ಹಾಗೆಯೇ ಎಂದರು.

ನಾನು ಮೆಜೆಸ್ಟಿಕ್ಕಿನ ಹಿಂದಿನ ಓಣಿಯಲ್ಲಿದ್ದಾಗ ಗೋಡೆಯ ಫ್ಯಾನಿನ ಸಂದಿಯಿಂದ ಆ ಎಡಗೈ ಕೇಳಿಸಿತು. ಆಮೇಲೆ ಚಪ್ಪಾಳೆ. ಅದು ಆಚೆಯವರದೇ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು: ತಾಳದ ನಾಲ್ಕು ಪೆಟ್ಟುಗಳಲ್ಲಿ ನಾವು ತಟ್ಟುವುದು ಎರಡಕ್ಕೆ, ನಾಲ್ಕಕ್ಕೆ, ಅವರು ತಟ್ಟುವುದು ಒಂದಕ್ಕೆ, ಮೂರಕ್ಕೆ. ಮೆರವಣಿಗೆಯ ಸಿಪಾಯಿಗಳಂತೆ ತಟ್ಟುತ್ತಿದ್ದರು. ಪಾಪ, ಆದರೆ ಮನಸಾರೆ ತಟ್ಟುತ್ತಿದ್ದರು. ಹುಡುಗ ಹುಡುಗಿಯರು ಕಾಲು ಬಡಿದು ಇನ್ನೊಮ್ಮೆ ಎಂದು ಕೂಗಿದರಂತೆ. ಮ್ಯಾನೇಜರು ಮೇಲಕ್ಕೆ ಓಡಿ, ಇದನ್ನು ಯಾರು ಅಂಟಿಸಿದ್ದು ಎಂದು ಕೇಳಿದರಂತೆ. ಕೆಳಗಿನ ಗದ್ದಲ ಕೇಳಿಸಿಕೊಂಡ ಹಟ್ಟೊ, ಇಲ್ಲದ ಹುಬ್ಬನ್ನು ಏರಿಸಿ, ನಾನೇ ಎಂದರಂತೆ. ಮಂಗಳವಾರದವರೆಗೆ ಎರಡೂ ಮಂದಿರಗಳಲ್ಲಿ ರಾಸ್ಕೊ ಹಾಡಿದ. ಸ್ಟೂಲು ಒಟ್ಟು ಇಪ್ಪತ್ತಮೂರು ಸಲ ಬಿತ್ತು.

ಮಿಸೆಸ್ ಹ್ಯಾಲ್ಸ್‌ಟೆಡ್ ಅಂದು ಮೊಮ್ಮಕ್ಕಳೊಂದಿಗೆ ಒಳಗಿದ್ದರು. ಸೋಮವಾರ ಅವರು, ಅದು ನಿನ್ನ ರಾಸ್ಕೊ ಎಂದು ನೀನು ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದರಂತೆ. "ಹೇಳಿದ್ದೆನಲ್ಲಮ್ಮ, ಶುಕ್ರವಾರ" ಎಂದರಂತೆ ಮಾತೃಶ್ರೀಯವರು. ಅಷ್ಟೇ. ಉಪ್ಪಿನಕಾಯಿಯ ಜಾಡಿಯನ್ನು, ಮುಚ್ಚಳ ತೆರೆಯದೆ, ಮೇಜಿನ ಮೇಲಿಟ್ಟು ಬಂದರಂತೆ. ರಾಸ್ಕೊ ಕ್ರಿಸ್ಮಸ್ಸಿಗೆ ಬರುತ್ತಾನೆ. ಅಮ್ಮ ಬರೆದ ಪತ್ರಕ್ಕೆ ಉತ್ತರ ಬಂದಿದೆ: ಈಗ ನೆಟ್ಟಗೆ ಕೂರುತ್ತಿದ್ದಾನಂತೆ.

ಈ ಗೆಲುವು ನನ್ನದಲ್ಲ, ನಮ್ಮೆಲ್ಲರದು ಎಂದು ಹೇಳುವುದು ಸಂಪ್ರದಾಯ. ಈ ಸಲ ಅದು ನಿಜವೂ ಹೌದು. ಕಿಂಡಿ ಬಿಟ್ಟುಕೊಟ್ಟ ಬೂನ್ ಅವರಿಗೆ, ಕೈ ಎತ್ತಿದ ಮಾತೃಶ್ರೀಯವರಿಗೆ, ವೃತ್ತಪತ್ರಿಕೆಗೆ, ಅಡುಗೆಕೋಣೆಯ ಸೋದರಿಯರಿಗೆ ನಾನು ಋಣಿ. ಮುಗಿಸುವ ಮುನ್ನ ಒಂದು ಸಣ್ಣ ಮಾತು. ಫಲಕದ ಮೇಲೆ ಏನೋ ಕೆತ್ತಿದೆ, ದೇವರ ಮನೆಯಲ್ಲಿ ನಿಂತಿದ್ದೇನೆ, ಆದ್ದರಿಂದ ಹೇಳಿಬಿಡುತ್ತೇನೆ. ರೀಲು ಹಿಂದಿರುಗಿಸುವ ಮೊದಲು ರಾಸ್ಕೊನನ್ನು ಕತ್ತರಿಸಿ ತೆಗೆಯುತ್ತೇನೆಂದು ನಾನು ಬೂನ್ ಅವರಿಗೆ ಮಾತು ಕೊಟ್ಟಿದ್ದೆ. ಕತ್ತರಿಯನ್ನೂ ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ಮೂರನೆಯ ಸಲ ಹಾಡು ಶುರುವಾಯಿತು, ಕೋಣೆಯ ಮೂಲೆಯಲ್ಲಿ ಪೊರಕೆಯೊಂದು ಒಂಟಿಯಾಗಿ ನಿಂತಿತ್ತು, ನಾನು ಅದರೊಂದಿಗೆ ಕುಣಿದೆ. ಕುಣಿದು ಮರೆತೆ. ಓಣಿಯಲ್ಲಿ ಆ ಎಡಗೈ ಕೇಳಿಸಿದಾಗ ನೆನಪಾಯಿತು. ಅಂದು ಸಂಜೆ ಬಸ್ ನಿಲ್ದಾಣದಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದ ನನ್ನನ್ನು, ರಾಸ್ಕೊನನ್ನು ಕರೆತರಲು ಹೊರಟಿದ್ದಾನೆ ಎಂದು ನೀವೇ ತೀರ್ಮಾನಿಸಿ ಹೆಗಲ ಮೇಲೆ ಹೊತ್ತು ತಂದಿರಿ. ನಾನು ಹೊರಟಿದ್ದು ಡೆಟ್ರಾಯಿಟ್‌ಗೆ, ಓಡಿಹೋಗಲು.

ಮೀನು ಬಡಿಸಬಹುದು. ನಮಸ್ಕಾರ.